ಮಾಳಿಗೆ ಮನೆ ಕೊಳ್ಳುವ ಮುನ್ನ: ಗೋಡೆಗಿಂತ ಮೊದಲು ಕಂಬ ನೋಡಿ

ವಿಜಯಪುರ: ನಗರದ ಹಳೆಯ ಓಣಿಗಳಲ್ಲಿ, ತಿಕೋಟಾ ಹಾಗೂ ಬಬಲೇಶ್ವರದ ಊರೊಳಗಿನ ಭಾಗಗಳಲ್ಲಿ ಕಟ್ಟಿಗೆಯ ಕಂಬ, ತೊಲೆ, ಜಂತಿಗಳ ಮೇಲೆ ನಿಂತ ಮಾಳಿಗೆ ಮನೆಗಳು ಇಂದಿಗೂ ಉಳಿದುಕೊಂಡಿವೆ. ತೋಟದ ವಸ್ತಿಗೆ ಅಥವಾ ಹೊಸ ಬಡಾವಣೆಗೆ ವಾಸ ಬದಲಿಸಿದ ಕುಟುಂಬಗಳು ಇವುಗಳನ್ನು ಮಾರಾಟಕ್ಕೆ ಇಡುವುದುಂಟು. ಕೆತ್ತನೆಯ ತಲಬಾಗಿಲು, ತಂಪಾದ ಪಡಸಾಲೆ, ಎರಡು ಅಡಿಗೂ ಮೀರಿದ ದಪ್ಪ ಗೋಡೆಗಳನ್ನು ಕಂಡು ಕೊಳ್ಳಲು ಮುಂದಾಗುವವರೂ ಇದ್ದಾರೆ.

ಆದರೆ ಕಾಂಕ್ರೀಟ್ ಮನೆ ಕೊಳ್ಳುವಾಗ ನೋಡುವ ಅಂಶಗಳೇ ಬೇರೆ, ಮಾಳಿಗೆ ಮನೆ ಕೊಳ್ಳುವಾಗ ನೋಡಬೇಕಾದ ಅಂಶಗಳೇ ಬೇರೆ. ಇಲ್ಲಿ ಛಾವಣಿಯ ಭಾರವನ್ನು ಮುಖ್ಯವಾಗಿ ಹೊತ್ತಿರುವುದು ಕಟ್ಟಿಗೆಯ ಚೌಕಟ್ಟು. ಗೋಡೆಗೆ ಬಳಿದ ಹೊಸ ಬಣ್ಣ ಆ ಚೌಕಟ್ಟಿನ ಆರೋಗ್ಯವನ್ನು ಹೇಳುವುದಿಲ್ಲ. ಕಂಬದ ಬುಡ ಮತ್ತು ತೊಲೆಯ ತುದಿ ಮಾತ್ರ ಅದನ್ನು ಹೇಳಬಲ್ಲವು.

ಮಾಳಿಗೆ ಮನೆಯ ರಚನೆ

ಈ ಮನೆಗಳಲ್ಲಿ ನೆಲದ ಮೇಲಿನ ಅಡಿಗಲ್ಲಿನ ಮೇಲೆ ಕಂಬ ನಿಲ್ಲುತ್ತದೆ. ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಸಾಲು ಜಂತಿಗಳು, ಜಂತಿಗಳ ಮೇಲೆ ಹಲಗೆ ಅಥವಾ ಸಣ್ಣ ಕಟ್ಟಿಗೆಗಳ ಹಾಸು, ಅದರ ಮೇಲೆ ಮಣ್ಣು - ಇದು ಸಾಮಾನ್ಯ ಕ್ರಮ. ಮೇಲಿನ ಮಣ್ಣಿನ ಪದರವನ್ನು ಮೇಲ್ಮುದ್ದೆ ಎನ್ನುತ್ತಾರೆ. ಅನುಕೂಲವಂತರ ಮನೆಗಳಿಗೆ ಸಾಗವಾನಿ ಬಳಸಿದರೆ, ಸಾಧಾರಣ ಮನೆಗಳಿಗೆ ಬೇವು, ಜಾಲಿಯಂಥ ಸ್ಥಳೀಯ ಮರಗಳನ್ನೇ ಬಳಸಿರುವುದು ಕಂಡುಬರುತ್ತದೆ.

ಕಂಬಗಳ ನಡುವಿನ ಅಂತರಕ್ಕೆ ಅಂಕಣ ಅಥವಾ ಖಣ ಎಂಬ ಹೆಸರಿದೆ. ಮಾರುವವರು 'ಎಂಟು ಖಣದ ಮನೆ', 'ಹತ್ತು ಖಣದ ಮನೆ' ಎಂದು ಅಳತೆ ಹೇಳುವುದು ರೂಢಿ. ಆದರೆ ಖಣ ಎಂಬುದು ಎಲ್ಲ ಮನೆಗಳಲ್ಲೂ ಒಂದೇ ಅಳತೆಯಲ್ಲ. ಕರಾರು ಪತ್ರದಲ್ಲಿ ಉದ್ದ, ಅಗಲ ಹಾಗೂ ಚದರ ಅಡಿಯ ಲೆಕ್ಕ ಇರಲೇಬೇಕು.

ಜಿಲ್ಲೆಯಲ್ಲಿ ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರ್ ಮಾತ್ರ. ಬೇಸಿಗೆಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕಡಿಮೆ ಮಳೆ, ಹೆಚ್ಚು ಬಿಸಿಲಿನ ಈ ಹವೆಗೆ ಮಣ್ಣಿನ ಮಾಳಿಗೆ ಹೇಳಿ ಮಾಡಿಸಿದಂತಿದೆ. ಇದೇ ಮನೆ ಮಲೆನಾಡಿನಲ್ಲಿ ಒಂದು ಮಳೆಗಾಲವನ್ನೂ ಕಳೆಯಲಾರದು.

ಕಟ್ಟಿಗೆಗೆ ವಯಸ್ಸಲ್ಲ, ನೀರು ವೈರಿ

ಕಟ್ಟಿಗೆ ಹಳೆಯದಾದ ಮಾತ್ರಕ್ಕೆ ಕೆಟ್ಟಿರುತ್ತದೆ ಎಂಬ ಭಾವನೆ ಸರಿಯಲ್ಲ. ಮೊಹಮ್ಮದ್ ಆದಿಲ್‌ಶಾಹಿಯ ಕಾಲದಲ್ಲಿ, 1646ರ ಸುಮಾರಿಗೆ ನಿರ್ಮಾಣವಾದ ನಗರದ ಆಸಾರ್ ಮಹಲಿನ ಮುಂಭಾಗವನ್ನು ಎತ್ತರದ ನಾಲ್ಕು ಕಟ್ಟಿಗೆ ಕಂಬಗಳು ಹೊತ್ತಿವೆ. ಗುಮ್ಮಟಗಳ ಊರಿನಲ್ಲಿ ಕಟ್ಟಿಗೆ ಕಂಬಗಳ ಈ ಕಟ್ಟಡ ಮೂರೂವರೆ ಶತಮಾನಗಳನ್ನು ದಾಟಿದೆ.

ಮರದ ಒಳತಿರುಳಾದ ಚೇಗು ಗಟ್ಟಿ. ತೊಗಟೆಗೆ ಸಮೀಪದ ಬಿಳಿಭಾಗ ಮೆದು. ಹುಳು ಮೊದಲು ಹಿಡಿಯುವುದು ಈ ಬಿಳಿಭಾಗಕ್ಕೆ. ಕಟ್ಟಿಗೆಯ ತೇವಾಂಶ ಶೇ 20ಕ್ಕಿಂತ ಕೆಳಗಿದ್ದರೆ ಕೊಳೆತ ಸಾಮಾನ್ಯವಾಗಿ ಆರಂಭವಾಗುವುದಿಲ್ಲ. ಅದನ್ನು ಮೀರಿ ಬಹುಕಾಲ ತೇವ ಉಳಿದರೆ ಶಿಲೀಂಧ್ರ ಬೆಳೆಯುತ್ತದೆ. ಆದ್ದರಿಂದ ನೂರು ವರ್ಷದ ಒಣ ಕಂಬ, ಹತ್ತು ವರ್ಷದ ತೇವ ಹಿಡಿದ ಕಂಬಕ್ಕಿಂತ ಹೆಚ್ಚು ವಿಶ್ವಾಸಾರ್ಹ. ತೇವಾಂಶ ಅಳೆಯುವ ಸಣ್ಣ ಉಪಕರಣಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ.

ತಲೆಯ ಮೇಲಿನ ಭಾರ

ಒಂದು ಅಡಿ ದಪ್ಪದ ಮಣ್ಣಿನ ಮಾಳಿಗೆ ಪ್ರತಿ ಚದರ ಮೀಟರಿಗೆ ಸುಮಾರು 500 ಕಿಲೋ ತೂಗುತ್ತದೆ. ಐದು ಇಂಚು ದಪ್ಪದ ಕಾಂಕ್ರೀಟ್ ಛಾವಣಿಯ ತೂಕ ಸುಮಾರು 310 ಕಿಲೋ. ಅಂದರೆ 10 ಅಡಿ ಉದ್ದ, 10 ಅಡಿ ಅಗಲದ ಒಂದು ಕೋಣೆಯ ಮೇಲೆ ನಾಲ್ಕೂವರೆ ಟನ್‌ಗೂ ಹೆಚ್ಚು ಮಣ್ಣು ಇರುತ್ತದೆ. ಮಳೆಯಲ್ಲಿ ನೆನೆದಾಗ ಈ ತೂಕ ಇನ್ನೂ ಏರುತ್ತದೆ.

ಸೋರಿದಾಗಲೆಲ್ಲ ಹಳೆಯ ಮಣ್ಣು ತೆಗೆಯದೆ ಹೊಸ ಮಣ್ಣು ಹಾಕುವ ಅಭ್ಯಾಸದಿಂದ ಮಾಳಿಗೆಯ ದಪ್ಪ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಮೂಲತಃ ಒಂದು ಅಡಿ ಮಣ್ಣಿಗೆಂದು ಹಾಕಿದ ಜಂತಿ ಎರಡು ಅಡಿಯ ಭಾರ ಹೊತ್ತು ನಿಂತಿರಬಹುದು. ಆದ್ದರಿಂದ ಮನೆ ನೋಡಲು ಹೋದವರು ಮೊದಲು ಮಾಳಿಗೆ ಹತ್ತಿ, ಅಂಚಿನಲ್ಲಾಗಲಿ ಬೆಳಕಿಂಡಿಯ ಬಳಿಯಲ್ಲಾಗಲಿ ಮಣ್ಣಿನ ದಪ್ಪ ಅಳೆಯಬೇಕು. ಮೇಲೆ ಹುಲ್ಲು ಬೆಳೆದಿದ್ದರೆ, ತಗ್ಗು ಬಿದ್ದು ನೀರು ನಿಂತ ಗುರುತಿದ್ದರೆ, ನೀರು ಹೊರಚೆಲ್ಲುವ ದೋಣಿಗಳು ಕಟ್ಟಿಕೊಂಡಿದ್ದರೆ ಅದರ ಕೆಳಗಿನ ಕಟ್ಟಿಗೆಯನ್ನು ವಿಶೇಷವಾಗಿ ಪರೀಕ್ಷಿಸಬೇಕು. ಹಿರಿಯರು ಮೇಲ್ಮುದ್ದೆಗೆ ಸವಳು ಮಣ್ಣನ್ನೇ ಹುಡುಕಿ ತರುತ್ತಿದ್ದುದಕ್ಕೂ ಕಾರಣವಿದೆ. ಅದರಲ್ಲಿ ಕಳೆ ಬೆಳೆಯುವುದು ಕಡಿಮೆ, ನೀರು ಇಳಿಯುವುದೂ ನಿಧಾನ.

ಕಿಲ್ಲಾರಿಯ ಪಾಠ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಮಹಾರಾಷ್ಟ್ರದ ಲಾತೂರ ಜಿಲ್ಲೆಯ ಕಿಲ್ಲಾರಿ ಸುತ್ತಮುತ್ತ ಭೂಕಂಪ ಸಂಭವಿಸಿ ಸುಮಾರು 8 ಸಾವಿರ ಜನ ಮೃತಪಟ್ಟರು. ಅಲ್ಲಿ ಕುಸಿದ ಮನೆಗಳಲ್ಲಿ ಹೆಚ್ಚಿನವು ವಿಜಯಪುರ ಭಾಗದ ಮಾಳಿಗೆ ಮನೆಗಳನ್ನೇ ಹೋಲುತ್ತಿದ್ದವು: ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ.

ತಜ್ಞರು ಅಲ್ಲಿ ಗಮನಿಸಿದ ಒಂದು ಸಂಗತಿ ಖರೀದಿದಾರರಿಗೆ ಮುಖ್ಯವಾದುದು. ಕಟ್ಟಿಗೆಯ ಚೌಕಟ್ಟು ಪೂರ್ಣವಾಗಿದ್ದ ಹಲವು ಮನೆಗಳಲ್ಲಿ ಗೋಡೆ ಉರುಳಿದರೂ ಮಾಳಿಗೆ ಕಂಬಗಳ ಮೇಲೆ ನಿಂತೇ ಇತ್ತು. ಜಂತಿಗಳು ನೇರವಾಗಿ ಗೋಡೆಯ ಮೇಲೆ ಕುಳಿತಿದ್ದ ಮನೆಗಳಲ್ಲಿ ಗೋಡೆಯೊಡನೆ ಮಾಳಿಗೆಯೂ ಕುಸಿಯಿತು. ಆದರೆ ಚೌಕಟ್ಟು ಇದ್ದಲ್ಲೂ ಒಳಕ್ಕೆ ಬಿದ್ದ ಕಲ್ಲುಗಳು ಜೀವಹಾನಿ ಮಾಡಿದವು ಎಂಬುದನ್ನು ಮರೆಯುವಂತಿಲ್ಲ.

ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯ ಪಟ್ಟಿಯಲ್ಲಿ ವಿಜಯಪುರ ಭೂಕಂಪದ 3ನೇ ವಲಯದಲ್ಲಿದೆ. 2021 ಮತ್ತು 2022ರಲ್ಲಿ ಜಿಲ್ಲೆಯ ಹಲವೆಡೆ ಲಘು ಕಂಪನಗಳು ಅನುಭವಕ್ಕೆ ಬಂದಿದ್ದವು. ಹಾಗಾಗಿ ಗೋಡೆಗೆ ಒತ್ತಿಕೊಂಡು ಕಂಬಗಳಿವೆಯೇ, ಅಥವಾ ತೊಲೆಯ ತುದಿ ಗೋಡೆಯಲ್ಲೇ ಹುದುಗಿದೆಯೇ ಎಂಬ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಪೂರ್ಣ ಚೌಕಟ್ಟಿನ ಮನೆಗೂ ಅರೆ ಚೌಕಟ್ಟಿನ ಮನೆಗೂ ಬೆಲೆಯಲ್ಲಿ ವ್ಯತ್ಯಾಸ ಇರಲೇಬೇಕು.

ಪರೀಕ್ಷಿಸುವ ಕ್ರಮ

ಮನೆಯನ್ನು ಹಗಲು ಹೊತ್ತಿನಲ್ಲಿ, ಬ್ಯಾಟರಿ ದೀಪ, ಚೂಪಾದ ಮೊಳೆ, ಸಣ್ಣ ಸುತ್ತಿಗೆ ಹಾಗೂ ದಾರ ಹಿಡಿದು ನೋಡಬೇಕು. ಸಾಧ್ಯವಾದರೆ ಒಂದು ದೊಡ್ಡ ಮಳೆಯ ಮರುದಿನ ನೋಡುವುದು ಒಳಿತು.

ಕಂಬದ ಬುಡ: ಅಡಿಗಲ್ಲು ನೆಲಮಟ್ಟಕ್ಕಿಂತ ಮೇಲೆ ಕಾಣಬೇಕು. ನಂತರ ಟೈಲ್ಸ್ ಅಥವಾ ಫರಸಿ ಹಾಕುವಾಗ ನೆಲ ಎತ್ತರಿಸಿ ಅಡಿಗಲ್ಲನ್ನು ಮುಚ್ಚಿದ್ದರೆ ಕಂಬದ ಬುಡ ನೀರಿಗೆ ಸಿಕ್ಕಿದಂತೆ. ಮೊಳೆಯನ್ನು ಒತ್ತಿದಾಗ ಅದು ಸಲೀಸಾಗಿ ಒಳಗೆ ಇಳಿದರೆ ಒಳಗೆ ಕೊಳೆತಿದೆ ಎಂದರ್ಥ. ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿ ಸದ್ದು ಬಂದರೆ ಸರಿ, ಪೊಳ್ಳು ಸದ್ದು ಬಂದರೆ ಎಚ್ಚರಿಕೆ ಅಗತ್ಯ.

ತೊಲೆಯ ತುದಿ: ಗೋಡೆಯೊಳಗೆ ಹೋಗುವ ತುದಿಗಳೇ ಮೊದಲು ಕೆಡುವುದು. ಹೊರಗೋಡೆಯಲ್ಲಿ ನೀರಿನ ಕಲೆ ಇರುವೆಡೆ ಆ ಭಾಗದ ಗಿಲಾವ್ ಕೆತ್ತಿ ನೋಡಲು ಮಾರುವವರ ಒಪ್ಪಿಗೆ ಪಡೆಯಬೇಕು.

ಬಾಗು: ತೊಲೆಯ ಎರಡು ತುದಿಗಳಿಗೆ ದಾರ ಹಿಡಿದು ನಡುವಿನ ಬಾಗನ್ನು ಅಳೆಯಬಹುದು. ಕಟ್ಟಿಗೆ ರಚನೆಗಳ ಮಾನಕ ಐಎಸ್ 883 ಸಾಮಾನ್ಯವಾಗಿ ಉದ್ದದ 240ನೇ ಒಂದು ಭಾಗದಷ್ಟು ಬಾಗನ್ನು ಮಿತಿಯೆಂದು ಹೇಳುತ್ತದೆ. 10 ಅಡಿ ತೊಲೆಗೆ ಅದು ಸುಮಾರು ಅರ್ಧ ಇಂಚು. ಹಳೆಯ ತೊಲೆ ಇದಕ್ಕಿಂತ ಹೆಚ್ಚು ಬಾಗಿದ್ದ ಮಾತ್ರಕ್ಕೆ ನಾಳೆಯೇ ಮುರಿಯುತ್ತದೆ ಎಂದಲ್ಲ. ಆದರೆ ಎಂಜಿನಿಯರ್ ಭಾರದ ಲೆಕ್ಕ ಹಾಕದೆ ಮುಂದುವರಿಯಬಾರದು. ಕಟ್ಟಿಗೆಯ ನಾರಿನ ಉದ್ದಕ್ಕೆ ಇರುವ ಸೀಳು ಒಣಗಿದ್ದರಿಂದ ಬಂದದ್ದು, ಅದು ಸಾಮಾನ್ಯ. ನಾರಿಗೆ ಅಡ್ಡಲಾದ ಬಿರುಕು ಮುರಿಯುವ ಲಕ್ಷಣ.

ಗೆದ್ದಲು ಮತ್ತು ಹುಳು: ಗೋಡೆಯ ಮೇಲೆ ಮಣ್ಣಿನ ಕೊಳವೆಯಂತಹ ಗೆರೆಗಳು ಗೆದ್ದಲಿನ ದಾರಿ. ಕಂಬದ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಕಟ್ಟಿಗೆ ಕೊರೆಯುವ ಹುಳು ಇನ್ನೂ ಜೀವಂತವಿದೆ ಎಂದು ತಿಳಿಯಬೇಕು. ಕಟ್ಟಿ ಮುಗಿದ ಮನೆಗಳಿಗೆ ಗೆದ್ದಲು ನಿವಾರಣೆಯ ಕ್ರಮವನ್ನು ಐಎಸ್ 6313ರ 3ನೇ ಭಾಗ ವಿವರಿಸುತ್ತದೆ. ಗುತ್ತಿಗೆದಾರರು ಅದರಂತೆ ಮಾಡುವರೇ ಎಂದು ಕೇಳಬೇಕು.

ಗೋಡೆ: ಈ ಗೋಡೆಗಳು ಸಾಮಾನ್ಯವಾಗಿ ಎರಡು ಪದರ, ನಡುವೆ ಮಣ್ಣು ಹಾಗೂ ಚೂರುಗಲ್ಲು. ಎರಡೂ ಪದರಗಳನ್ನು ಹಿಡಿಯುವ ಅಡ್ಡಗಲ್ಲು ಇಲ್ಲದಿದ್ದರೆ ಕಾಲಕ್ರಮೇಣ ಪದರಗಳು ಬೇರ್ಪಟ್ಟು ಗೋಡೆ ಹೊಟ್ಟೆ ಬಿಡುತ್ತದೆ. ಉಬ್ಬಿದ ಗೋಡೆಯನ್ನು ಬರಿಯ ಗಿಲಾವ್‌ನಿಂದ ಸರಿಪಡಿಸಲಾಗದು.

ನೆಲದಡಿ: ಹಳೆಯ ಮನೆಗಳಲ್ಲಿ ಜೋಳ ಸಂಗ್ರಹಿಸುವ ಹಗೇವು ಇರುವುದುಂಟು. ಸರಿಯಾಗಿ ತುಂಬದೆ ಬಾಯಿ ಮಾತ್ರ ಮುಚ್ಚಿದ ಹಗೇವಿಗೆ ನೀರು ಇಳಿದರೆ ನೆಲ ಕುಸಿಯಬಹುದು. ಅದರ ಸಮೀಪ ಕಂಬವಿದ್ದರೆ ಅಪಾಯ ಹೆಚ್ಚು. ಓಣಿಯ ಹಿರಿಯರನ್ನು ವಿಚಾರಿಸಿ ತಿಳಿಯುವುದು ಸೂಕ್ತ. ಎರೆ ಭೂಮಿ ಮಳೆಗೆ ಹಿಗ್ಗಿ ಬೇಸಿಗೆಗೆ ಕುಗ್ಗುವುದರಿಂದ ಗೋಡೆಯಲ್ಲಿ ಓರೆ ಬಿರುಕುಗಳಿವೆಯೇ ಎಂದೂ ನೋಡಬೇಕು.

ಈ ಪರೀಕ್ಷೆಗಳು ಪ್ರಾಥಮಿಕ. ಮುಂಗಡ ಕೊಡುವ ಮೊದಲು ಅನುಭವಿ ಬಡಿಗ ಮತ್ತು ಕಟ್ಟಡ ರಚನೆಯ ಎಂಜಿನಿಯರ್ ಇಬ್ಬರಿಂದಲೂ ಲಿಖಿತ ಅಭಿಪ್ರಾಯ ಪಡೆಯುವುದು ಕ್ಷೇಮ.

ದುರಸ್ತಿಯಲ್ಲಿ ಆಗುವ ತಪ್ಪುಗಳು

ಹೊಸ ಮಾಲೀಕರು ಮಾಡುವ ಮೊದಲ ತಪ್ಪು, ಮಣ್ಣಿನ ಮಾಳಿಗೆಯ ಮೇಲೆಯೇ ಸಿಮೆಂಟ್ ಪದರ ಹಾಕುವುದು. ಕೆಳಗಿನ ಮಣ್ಣು ಕದಲಿದಂತೆ ಸಿಮೆಂಟ್ ಬಿರಿಯುತ್ತದೆ. ಬಿರುಕಿನಲ್ಲಿ ಇಳಿದ ನೀರು ಮೇಲಕ್ಕೆ ಆರಲಾರದೆ ಜಂತಿಗೆ ಇಳಿಯುತ್ತದೆ. ಭಾರವೂ ಹೆಚ್ಚುತ್ತದೆ. ಹಳೆಯ ಮಣ್ಣನ್ನು ಕೆರೆದು ದಪ್ಪ ಇಳಿಸಿ, ಇಳಿಜಾರು ಸರಿಪಡಿಸಿ, ನೀರು ತಡೆಯುವ ಪದರ ಹಾಕಿದ ನಂತರ ತೆಳುವಾದ ಮೇಲ್ಮುದ್ದೆ ಹಾಕುವುದು ಸರಿಯಾದ ಮಾರ್ಗ. ಕಿಲ್ಲಾರಿ ಭೂಕಂಪದ ನಂತರದ ಬಲವರ್ಧನೆ ಕೆಲಸಗಳಲ್ಲೂ ಮಾಳಿಗೆಯ ಮಣ್ಣು ಇಳಿಸುವುದು, ಗೋಡೆಗೆ ಅಡ್ಡಗಲ್ಲಿನಂಥ ಬಂಧ ಕೂಡಿಸುವುದು, ಕಂಬ-ತೊಲೆಗಳ ನಡುವೆ ಓರೆ ಆಸರೆ ಕೊಡುವುದು ಪ್ರಮುಖ ಕ್ರಮಗಳಾಗಿದ್ದವು.

ಎರಡನೆಯದು, ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವ್. ಗೋಡೆಯ ತೇವ ಹೊರಬರಲಾರದೆ ಒಳಗಿನ ಕಟ್ಟಿಗೆಯನ್ನು ಹಿಡಿಯುತ್ತದೆ. ಸುಣ್ಣದ ಗಾರೆ ಅಥವಾ ಮಣ್ಣಿನ ಗಿಲಾವ್ ಇದಕ್ಕೆ ಹೊಂದುತ್ತದೆ. ಮೂರನೆಯದು, ಜಾಗ ಬೇಕೆಂದು ನಡುವಿನ ಕಂಬ ತೆಗೆಯುವುದು. ಒಂದು ಕಂಬ ತೆಗೆದರೆ ತೊಲೆಯ ಅಂತರ ದುಪ್ಪಟ್ಟಾಗುತ್ತದೆ, ಬಾಗು ಹಲವು ಪಟ್ಟು ಏರುತ್ತದೆ. ನಾಲ್ಕನೆಯದು, ಕಂಬಗಳ ಪಕ್ಕದಲ್ಲಿ ಬಚ್ಚಲು, ಶೌಚಾಲಯ ಕಟ್ಟುವುದು. ಹಳೆಯ ವಿದ್ಯುತ್ ತಂತಿಗಳು ಕಟ್ಟಿಗೆಗೆ ತಗುಲಿಕೊಂಡೇ ಹೋಗಿರುವುದರಿಂದ ಪೂರ್ಣ ಹೊಸ ವೈರಿಂಗ್‌ನ ವೆಚ್ಚವನ್ನೂ ಆರಂಭದಲ್ಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದ ಅತಿವೃಷ್ಟಿಯಲ್ಲಿ ಉತ್ತರ ಕರ್ನಾಟಕದಾದ್ಯಂತ ಅಪಾರ ಸಂಖ್ಯೆಯ ಮಣ್ಣಿನ ಮನೆಗಳು ಕುಸಿದವು. ನಿರಂತರ ಮಳೆಗೆ ನೆನೆದ ಮಾಳಿಗೆ ಮನೆಯಲ್ಲಿ ಮಣ್ಣು ಉದುರತೊಡಗಿದರೆ, ತೊಲೆ ಸದ್ದು ಮಾಡಿದರೆ ರಾತ್ರಿ ಅಲ್ಲಿ ಮಲಗುವುದು ಅಪಾಯಕಾರಿ.

ಸ್ಮಾರಕದಿಂದ ಎಷ್ಟು ದೂರ?

ನಗರದಲ್ಲಿ ಮನೆ ಕೊಳ್ಳುವವರು ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಗೋಳಗುಮ್ಮಟ, ಇಬ್ರಾಹಿಂ ರೋಜಾ, ಜುಮ್ಮಾ ಮಸೀದಿ, ಗಗನ ಮಹಲ್ ಸೇರಿದಂತೆ ನಗರದ ತುಂಬ ಕೇಂದ್ರ ಸಂರಕ್ಷಿತ ಸ್ಮಾರಕಗಳಿವೆ. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಪ್ರದೇಶದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ.

ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯ ದುರಸ್ತಿ, ನವೀಕರಣಕ್ಕೆ ಸಕ್ಷಮ ಪ್ರಾಧಿಕಾರಿಗೆ ಅರ್ಜಿ ಸಲ್ಲಿಸಬೇಕು. ನಿಯಂತ್ರಿತ ಪ್ರದೇಶದಲ್ಲಿ ಹೊಸ ನಿರ್ಮಾಣಕ್ಕೂ ದುರಸ್ತಿಗೂ ಅನುಮತಿ ಬೇಕು. 'ಸದ್ಯಕ್ಕೆ ಇರಲಿ, ಮುಂದೆ ಕೆಡವಿ ಮೂರು ಅಂತಸ್ತು ಕಟ್ಟೋಣ' ಎಂಬ ಲೆಕ್ಕಾಚಾರದಲ್ಲಿ ಕೊಂಡವರು ಇಲ್ಲಿ ಸಂಪೂರ್ಣ ಹಣ ಕಳೆದುಕೊಳ್ಳಬಹುದು. ಮಾರುವವರ ಬಾಯಿಮಾತನ್ನು ನೆಚ್ಚದೆ ಅಂತರವನ್ನು ಅಧಿಕೃತವಾಗಿ ಅಳೆಯಿಸಿಕೊಳ್ಳಬೇಕು.

ಕಾಗದಪತ್ರಗಳ ಪರಿಶೀಲನೆ

ನಗರದ ಹಳೆಯ ಆಸ್ತಿಗಳಿಗೆ ಸಿ.ಟಿ.ಎಸ್. ಸಂಖ್ಯೆಯ ಉತಾರ ಇರುತ್ತದೆ. ಅದರೊಂದಿಗೆ ಸ್ಥಳೀಯ ಸಂಸ್ಥೆಯ ಇ-ಖಾತೆ ಬೇಕು. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11ನ್ನು ನೋಡಬೇಕು. ಕನಿಷ್ಠ 30 ವರ್ಷಗಳ ಋಣಭಾರ ಪ್ರಮಾಣಪತ್ರ ತೆಗೆಸುವುದು ಉಚಿತ. ಇನಾಮು, ದೇವಸ್ಥಾನ, ಮಠ, ವಕ್ಫ್ ಮುಂತಾದ ನಮೂದುಗಳಿವೆಯೇ ಎಂದು ಪರಿಶೀಲಿಸಬೇಕು.

ತಿಕೋಟಾ ಮತ್ತು ಬಬಲೇಶ್ವರ ಪ್ರತ್ಯೇಕ ತಾಲ್ಲೂಕುಗಳಾಗಿ ಅಸ್ತಿತ್ವಕ್ಕೆ ಬಂದದ್ದು 2018ರಲ್ಲಿ. ಬಿಜಾಪುರ ಎಂಬ ಹೆಸರು ಅಧಿಕೃತವಾಗಿ ವಿಜಯಪುರ ಎಂದಾದದ್ದು 2014ರ ನವೆಂಬರ್ 1ರಂದು. ಹೀಗಾಗಿ ಹಳೆಯ ಪತ್ರಗಳಲ್ಲಿ 'ಬಿಜಾಪುರ ತಾಲ್ಲೂಕು' ಎಂದೇ ಇರುತ್ತದೆ. ಇದು ದೋಷವಲ್ಲ. ಆದರೆ ಆಸ್ತಿ ಸಂಖ್ಯೆ ಹಾಗೂ ಚಕ್ಕುಬಂದಿ ಹಳೆಯ, ಹೊಸ ದಾಖಲೆಗಳಲ್ಲಿ ತಾಳೆಯಾಗಬೇಕು.

ಹೆಚ್ಚಿನ ತಂಟೆ ಹುಟ್ಟುವುದು ವಾರಸುದಾರಿಕೆಯಲ್ಲಿ. ದೊಡ್ಡ ಮನೆಗಳು ಹೆಚ್ಚಾಗಿ ಪಿತ್ರಾರ್ಜಿತ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಇದೆ. ತಿದ್ದುಪಡಿಯ ದಿನ ತಂದೆ ಜೀವಂತವಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಉತಾರದಲ್ಲಿ ಅಣ್ಣತಮ್ಮಂದಿರ ಹೆಸರಷ್ಟೇ ಇದ್ದರೂ ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿ ಬೇಕಾಗಬಹುದು. ವಂಶವೃಕ್ಷ ಪಡೆದು ವಕೀಲರ ಸಲಹೆಯಂತೆ ಎಲ್ಲ ಹಕ್ಕುದಾರರನ್ನೂ ಖರೀದಿ ಪತ್ರದಲ್ಲಿ ಸೇರಿಸುವುದು ಸುರಕ್ಷಿತ.

ವಾಟ್ನಿಯಾದ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಒಂದೇ ತೊಲೆ ಅಣ್ಣನ ಪಾಲಿನಿಂದ ತಮ್ಮನ ಪಾಲಿಗೆ ಹಾದುಹೋಗಿರುತ್ತದೆ. ಪಕ್ಕದವರು ತಮ್ಮ ಭಾಗ ಕೆಡವಿದರೆ ಕೊಂಡವರ ಮಾಳಿಗೆಯ ಆಸರೆಯೇ ಹೋಗುತ್ತದೆ. ಸಾಮಾಯಿಕ ಗೋಡೆ, ಸಾಮಾಯಿಕ ತೊಲೆ, ಮಾಳಿಗೆಯ ನೀರು ಹರಿಯುವ ದಾರಿ - ಇವುಗಳ ಹಕ್ಕನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಬೇಕು.

ಖರ್ಚು, ಸಾಲ, ವಿಮೆ

ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಇದೆ. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿಸಲಾಗಿದೆ. ನಗರದಲ್ಲಿ 20 ಲಕ್ಷ ರೂಪಾಯಿಯ ಮನೆಗೆ ಇವೆಲ್ಲ ಸೇರಿ 1.52 ಲಕ್ಷ ರೂಪಾಯಿ ಆಗುತ್ತದೆ. ಮಾರ್ಗಸೂಚಿ ದರ ಹೆಚ್ಚಿದ್ದರೆ ಲೆಕ್ಕ ಅದರ ಮೇಲೆ.

ಬ್ಯಾಂಕುಗಳು ಹಳೆಯ ಮಣ್ಣಿನ ಮಾಳಿಗೆಯ ಕಟ್ಟಡಕ್ಕೆ ಹೆಚ್ಚಿನ ಬೆಲೆ ಕಟ್ಟಲು ಹಿಂಜರಿಯುತ್ತವೆ. ಮುಂಗಡ ಕೊಡುವ ಮುನ್ನವೇ ಸಾಲದ ಮೊತ್ತವನ್ನು ಬ್ಯಾಂಕಿನಿಂದ ಖಚಿತಪಡಿಸಿಕೊಳ್ಳಬೇಕು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ 'ಭಾರತ್ ಗೃಹ ರಕ್ಷಾ' ಮಾದರಿಯ ಮನೆ ವಿಮೆಯಲ್ಲಿ ಬೆಂಕಿ, ಭೂಕಂಪ, ಪ್ರವಾಹ ಸೇರಿವೆ. ಆದರೆ ಪಾಲಿಸಿಯಲ್ಲಿ ಕಚ್ಚಾ ಕಟ್ಟಡದ ವ್ಯಾಖ್ಯಾನವನ್ನು ಓದಿ, ಮನೆಯ ಗೋಡೆ, ಮಾಳಿಗೆಯ ಸ್ವರೂಪವನ್ನು ಮುಚ್ಚಿಡದೆ ಪ್ರಸ್ತಾವದಲ್ಲಿ ಬರೆಯಬೇಕು. ಮುಚ್ಚಿಟ್ಟರೆ ಪರಿಹಾರದ ಹೊತ್ತಿನಲ್ಲಿ ತಕರಾರು ಬರುತ್ತದೆ.

ಕೆಲವರು ವಾಸಕ್ಕಲ್ಲ, ಸಾಗವಾನಿ ಕಂಬ-ಬಾಗಿಲುಗಳಿಗಾಗಿಯೇ ಮನೆ ಕೊಳ್ಳುತ್ತಾರೆ. ಮರಮುಟ್ಟಿನ ಸಾಗಣೆಗೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ರಹದಾರಿಯ ನಿಯಮಗಳಿರುವುದರಿಂದ, ಕಟ್ಟಿಗೆ ಬಿಚ್ಚುವ ಮುನ್ನ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಯಾವಾಗ ಹಿಂದೆ ಸರಿಯಬೇಕು?

ಒಂದೆರಡು ಜಂತಿ ಕೆಟ್ಟಿದ್ದರೆ ಬದಲಿಸಬಹುದು. ಒಂದು ಕಂಬದ ಬುಡ ಕೊಳೆತಿದ್ದರೆ ತಾತ್ಕಾಲಿಕ ಆಸರೆ ಕೊಟ್ಟು, ಕೆಟ್ಟ ಭಾಗ ಕತ್ತರಿಸಿ ಗಟ್ಟಿ ಕಟ್ಟಿಗೆ ಅಥವಾ ಕಲ್ಲಿನ ಬುಡ ಜೋಡಿಸಬಲ್ಲ ಬಡಿಗರು ಇದ್ದಾರೆ. ಇವು ಬೆಲೆ ಇಳಿಸಲು ಕಾರಣವೇ ಹೊರತು ಮನೆ ಬಿಡಲು ಕಾರಣವಲ್ಲ.

ಆದರೆ ಹಲವು ತೊಲೆಗಳ ತುದಿ ಒಟ್ಟಿಗೆ ಕೊಳೆತಿದ್ದರೆ, ಗೋಡೆ ಹೊಟ್ಟೆ ಬಿಟ್ಟು ಅದೇ ಗೋಡೆಯ ಮೇಲೆ ಜಂತಿಗಳು ಕುಳಿತಿದ್ದರೆ, ಕಟ್ಟಿಗೆ ಪರೀಕ್ಷಿಸಲು ಮಾರುವವರು ಒಪ್ಪದಿದ್ದರೆ, ಹಕ್ಕುದಾರರಲ್ಲಿ ಒಬ್ಬರಾದರೂ ಸಹಿಗೆ ನಿರಾಕರಿಸಿದರೆ ಹಿಂದೆ ಸರಿಯುವುದೇ ವಿವೇಕ.

ಇನ್ನೊಂದು ಮಾತು. ಮಾಳಿಗೆ ಮನೆ ಒಮ್ಮೆ ಕೊಂಡು ಮರೆಯುವ ಆಸ್ತಿಯಲ್ಲ. ಪ್ರತಿವರ್ಷ ಮುಂಗಾರಿಗೆ ಮುನ್ನ ಮಾಳಿಗೆ ಹತ್ತಿ ಕಳೆ ಕೀಳಬೇಕು, ಬಿರುಕು ಮುಚ್ಚಬೇಕು, ದೋಣಿ ತೆರವು ಮಾಡಬೇಕು. ಮನೆ ಕೊಂಡು ಬೀಗ ಹಾಕಿ ಬೆಂಗಳೂರಿಗೋ ಪುಣೆಗೋ ಹೋಗುವವರಿಗೆ ಇದು ಹೊಂದುವುದಿಲ್ಲ. ಊರಲ್ಲೇ ಇದ್ದು ಈ ಕೆಲಸವನ್ನು ತಪ್ಪದೆ ಮಾಡಿಸುವವರಿಗೆ ಮಾತ್ರ ಆ ತಂಪು ಪಡಸಾಲೆ ಮುಂದಿನ ತಲೆಮಾರಿಗೂ ಉಳಿಯುತ್ತದೆ.